ವಿಭೂತಿ ಹಚ್ಚಿದ ಬಿರಡೆ

ಮಾಗಿಯ ಚಳಿ ಮುಗಿಯುತ್ತ ಬಂದಿತ್ತು. ಬೆಳಗಿನ ಹತ್ತರ ಬಿಸಿಲು ಇನ್ನೂ ಹಿತವಾಗಿದ್ದ ಹೊತ್ತಿನಲ್ಲಿ, ದಾವಣಗೆರೆಯ ಮಂಡಿಪೇಟೆಯಲ್ಲಿ ನಾಗಭೂಷಣ್ ನನ್ನ ಹೆಗಲಿಗೆ ಶಾಲು ಹೊದಿಸಿದ. ನಾನೇನೂ ಸಾಧನೆ ಮಾಡಿರಲಿಲ್ಲ. ಮೊಮ್ಮಗಳು ನೇತ್ರಾವತಿಗೆ ಅವನ ಹತ್ತಿರ ಒಂದು ಗಿಟಾರು ಕೊಂಡಿದ್ದೆ, ಅಷ್ಟೆ.

ಆ ಅಂಗಡಿಯ ಪದ್ಧತಿಯೇ ಹಾಗೆ. ಹಿಂದಿನ ಶೆಡ್ಡಿನಲ್ಲಿ ಗಿಟಾರು ತಯಾರಾಗುತ್ತದೆ, ಮುಂದೆ ಗಿರಾಕಿಗೆ ಸನ್ಮಾನ ನಡೆಯುತ್ತದೆ. ಶಾಲು, ಹಾರ, ಫೋಟೊ. ಗಿಟಾರಿನ ನೆತ್ತಿಗೂ ತಂತಿ ಬಿಗಿಯುವ ಬಿರಡೆಗಳಿಗೂ ಸೇರಿಸಿ ಮೂರು ಬೆರಳಿನ ವಿಭೂತಿ.

"ನೀವು ಗಿರಾಕಿ ಅಲ್ರಿ ಅಜ್ಜಾರೆ, ನಮ್ಮನಿ ದೇವ್ರು" ಅಂದ. ದೇವರಿಗೆ ಕಾಫಿಯೂ ಬಂತು.

ನಮ್ಮೂರು ಹರಿಹರಕ್ಕೆ ಬಂದು ನೇತ್ರಾ ನುಡಿಸಿದಳು. ಒಂದು ಹಾಡು ಮುಗಿಯುವಷ್ಟರಲ್ಲಿ ಬಿರಡೆ ತಾನೇ ಹಿಂದಕ್ಕೆ ತಿರುಗಿ ತಂತಿ ಸಡಿಲವಾಯಿತು. ಬಿಗಿದಳು, ಮತ್ತೆ ಸಡಿಲ. ಇಷ್ಟು ದಿನ ಗೆಳತಿಯ ಗಿಟಾರಿನಲ್ಲಿ ಕಲಿತ ಹುಡುಗಿ ಅವಳು. ಆ ಗೆಳತಿ ಮದುವೆಯಾಗಿ ಗಿಟಾರಿನ ಸಮೇತ ಗಂಡನ ಮನೆಗೆ ಹೋಗಿದ್ದಳು. ಮದುವೆ ಸೀಜನ್ನಿಗೆ ಹುಬ್ಬಳ್ಳಿ ಕಡೆ ಹೊರಟಿದ್ದ ಶ್ರೀನಿವಾಸನ ಆರ್ಕೆಸ್ಟ್ರಾ ಇವಳನ್ನು ಸೇರಿಸಿಕೊಂಡಿತ್ತು. ಮಾರನೆಯ ದಿನ, ಮಂಗಳವಾರ, ಅಭ್ಯಾಸದಲ್ಲಿ ಶ್ರೀನಿವಾಸ ಕಿವಿ ಮುಚ್ಚಿಕೊಂಡ.

"ಏನವ್ವ ಇದು, ಹಾಡು ಹರಿಹರದಾಗೈತೆ, ಗಿಟಾರು ರಾಣೆಬೆನ್ನೂರು ದಾಟೈತೆ! ಶುಕ್ರವಾರ ವ್ಯಾನು ಹೊರಡ್ತೈತೆ. ಅಷ್ಟ್ರಾಗೆ ಸರಿಮಾಡ್ಸು. ಇಲ್ಲಾಂದ್ರೆ ಬ್ಯಾರೆಯೋರ್ನ ಕರ್ಕೊಂತೀನಿ."

ಅವಳು ಗಿಟಾರನ್ನು ಹೆಗಲಿಗೇರಿಸಿ ಮನೆಗೆ ಬಂದಳು. ಅಂದೇ ಮಧ್ಯಾಹ್ನ ಇಬ್ಬರೂ ದಾವಣಗೆರೆಯ ಬಸ್ಸು ಹತ್ತಿದೆವು.

ಈ ಸಲ ಕಾಫಿ ಬರಲಿಲ್ಲ. ನಾಗಭೂಷಣ್ ಬಿರಡೆಯನ್ನು ಉಗುರಿನಿಂದ ಕೆರೆದು ಮೂಸಿ ನೋಡಿದ.

"ಇದ್ರಾಗೆ ಏನೋ ಬಿಳೀ ಪುಡಿ ಸೇರೈತಲ್ರಿ?"

"ನಿನ್ನ ವಿಭೂತಿನಪ್ಪ ಅದು."

"ನಾ ಹಚ್ಚಿದ್ದು ಭಕ್ತಿಗೆ ರೀ. ಒರೆಸ್ಕೊಳ್ಳೋದು ಗಿರಾಕಿ ಜವಾಬ್ದಾರಿ. ಒಳಗೆ ಪುಡಿ ಹೋದ್ರೆ ಕಂಪ್ನಿಯೋರು ವಾರಂಟಿ ಒಪ್ಪಲ್ಲ."

"ಕಂಪ್ನಿಯೋರು ಅಂದ್ರೆ ಯಾರು?"

"ನಾವೇ."

ನೇತ್ರಾ ತಡೆಯಲಾರದೆ, "ಒರೆಸಿ ನೋಡೀನಿ ಅಂಕಲ್. ಒಳಗಿನ ಚಕ್ರದ ಹಲ್ಲು ಬರೀ ತಗಡು, ಬಾಗೇ ಹೋಗೈತೆ" ಅಂದಳು.

"ಹೊಳೆ ಗಾಳಿ ಕಣಮ್ಮ. ಹರಿಹರದಾಗೆ ಇಟ್ರೆ ಯಾವ ಲೋಹ ತಡಿತೈತೆ?"

ಇವನ ಅಪ್ಪ ಬಕ್ಕೇಶಪ್ಪ ಇದೇ ಅಂಗಡಿಯಲ್ಲಿ ಹಾರ್ಮೋನಿಯಂ ಮಾರುತ್ತಿದ್ದ. ನಮ್ಮ ಭಜನೆ ಮೇಳದ ಪೆಟ್ಟಿಗೆ ಕೆಟ್ಟಾಗ, "ಎಮ್ಮೆ ಕಾಯೋ ಕೈಗೆ ಪೆಟ್ಟಿಗೆ ಯಾಕ್ರೋ ಬೇಕಿತ್ತು" ಎಂದು ಬೀದಿಗೆಲ್ಲ ಕೇಳುವಂತೆ ಬೈದಿದ್ದ. ಬೈಯುತ್ತಲೇ ಒಳಗೆ ಹೊಸ ರೀಡು ಹಾಕಿಕೊಟ್ಟಿದ್ದ. ಮಗ ಬೈಯುವುದಿಲ್ಲ, ಕೈಮುಗಿಯುತ್ತಾನೆ. ಹಾಕಿಕೊಡುವುದಿಲ್ಲ.

"ಆಯ್ತಪ್ಪ, ಕೂತ್ಕಂತೀನಿ" ಅಂದೆ.

"ಯಾಕ್ರಿ?"

"ದೇವ್ರು ಅಂದೆಯಲ್ಲ. ಎದ್ದು ಹೋಗೋ ದೇವ್ರು ಎಲ್ಲಿ ಕಂಡೀಯ?"

ಅವನೇ ಹೊದಿಸಿದ ಶಾಲನ್ನು ಹೊದ್ದು ಬೆಂಚಿನ ಮೇಲೆ ಕೂತೆ. ನೆತ್ತಿಯ ಮೇಲೆ ಗೋಡೆಯಲ್ಲಿ ಆಗಲೇ ನನ್ನ ಫೋಟೊ ಏರಿತ್ತು. ಕೆಳಗೆ 'ಸಂತೃಪ್ತ ಗ್ರಾಹಕರು' ಎಂದು ಬರೆದಿದೆ ಎಂದು ನೇತ್ರಾ ಓದಿ ಹೇಳಿದಳು. ಬಂದವರೆಲ್ಲ ಫೋಟೊ ನೋಡಿ, ಆಮೇಲೆ ನನ್ನ ಮುಖ ನೋಡಿ, "ಹೆಂಗೈತ್ರಿ ಅಜ್ಜಾರೆ ಗಿಟಾರು?" ಎನ್ನುವರು. ನಾನು ನೇತ್ರಾಳ ಕಡೆ ತಿರುಗಿ, "ನುಡಿಸವ್ವ" ಅನ್ನುತ್ತಿದ್ದೆ. ಅವಳು ನುಡಿಸುವಳು, ತಂತಿ ಜಾರುವುದು, ಬಂದವರು ಚಪ್ಪಲಿ ಹುಡುಕುವರು.

"ಅದು ಹಳೇ ಮಾಡ್ಲು ರೀ" ಎಂದು ನಾಗಭೂಷಣ್ ಹಿಂದೆ ಓಡುವನು.

"ನಿನ್ನೆ ಸೋಮವಾರದ್ದು" ಎಂದು ನಾನು ಕೂತಲ್ಲಿಂದಲೇ ಹೇಳುವೆನು.

ಬುಧವಾರ ಬಾಗಿಲು ತೆಗೆಯುವ ಮೊದಲೇ ಹೋಗಿ ಮೆಟ್ಟಿಲ ಮೇಲೆ ಕೂತೆವು. ಸಂಜೆಯ ಹೊತ್ತಿಗೆ ಅವನ ಕೈಮುಗಿಯುವ ಕೈ ಸೋತಿತು. ಗಾಜಿನ ಬೀರುವಿನಿಂದ ಬೇರೊಂದು ಗಿಟಾರು ತೆಗೆದು ಅದರ ಬಿರಡೆಗಳನ್ನು ಬಿಚ್ಚತೊಡಗಿದ. ಬಿಚ್ಚುವಾಗ ಅವನ ಮುಖ ಹಲ್ಲು ಕೀಳಿಸಿಕೊಳ್ಳುವವನ ಹಾಗಿತ್ತು.

"ಅದ್ಯಾರದಪ್ಪ?"

"ನನ್ನ ಮಗಂದು. ಇವು ಹೊರಗಿಂದ ತರ್ಸಿದ ಬಿರಡೆ ರೀ. ಮನೆಯೋರಿಗಷ್ಟೆ ಹಾಕ್ತೀವಿ."

"ದೇವ್ರಿಗೆ ತಗಡು, ಮಗನಿಗೆ ಉಕ್ಕು!"

ಅವನು ತಲೆ ಎತ್ತದೆ ನಮ್ಮ ಗಿಟಾರಿನ ಬಿರಡೆ ಬಿಚ್ಚಿ ಅವನ್ನು ಕೂರಿಸಿ ಸ್ಕ್ರೂ ತಿರುಗಿಸಿದ. ನೇತ್ರಾ ಒಂದಾದ ಮೇಲೊಂದು ಹಾಡು ನುಡಿಸಿದಳು. ತಂತಿ ಕದಲಲಿಲ್ಲ.

ನಮ್ಮ ಬಿಚ್ಚಿದ ತಗಡು ಬಿರಡೆಗಳು ಇನ್ನೂ ಮೇಜಿನ ಮೇಲೆ ಬಿದ್ದಿದ್ದವು. ಶಾಮನೂರಿನ ಮಹೇಂದ್ರ ಎಂಬ ಮೇಷ್ಟ್ರು ಮಧ್ಯಾಹ್ನದಿಂದ ಮೂಲೆಯಲ್ಲಿ ಕೂತು ಇದನ್ನೆಲ್ಲ ಕಣ್ಣಾರೆ ನೋಡಿದ್ದರು. "ಛೆ, ಎಂಥ ಮೋಸ" ಎಂದು ನನ್ನ ಕಿವಿಯಲ್ಲಿ ಹೇಳಿಯೂ ಇದ್ದರು. ನಾವು ಮೆಟ್ಟಿಲಿಳಿದು ತಿರುಗಿ ನೋಡಿದರೆ ಅವರ ಕೈಗೆ ಹೊಸ ಗಿಟಾರು, ಕೊರಳಿಗೆ ಹಾರ ಬಿದ್ದಿತ್ತು. ಕ್ಯಾಮೆರಾಕ್ಕೆ ನಗುತ್ತಿದ್ದರು.

ಗುರುವಾರ ಶ್ರೀನಿವಾಸ ಅಭ್ಯಾಸದ ಕೊನೆಯವರೆಗೂ ಕಿವಿಗೊಟ್ಟು ಕೇಳಿ, "ಬಟ್ಟೆ ಕಟ್ಕೋ" ಎಂದಷ್ಟೇ ಹೇಳಿದ.

ಶುಕ್ರವಾರ ಬೆಳಿಗ್ಗೆ ವ್ಯಾನಿನ ಕಿಟಕಿ ಪಕ್ಕ ಕೂತು ನೇತ್ರಾವತಿ ಹೊರಟಳು.