ಎರಡೂ ಸಾಲಿಗೆ ಪುಡಿ

ಮಧ್ಯಾಹ್ನ ಎರಡು ಗಂಟೆ. ಎರಡೂ ಸಾಲಿನ ಮೊಟ್ಟೆಗಳ ಸಿಪ್ಪೆ ಒಂದೇ ದಪ್ಪ ಇತ್ತು.

ಸಂಯುಕ್ತಾ ಮತ್ತೆ ಅಳೆದಳು. ಎಡಸಾಲಿನದು, ಬಲಸಾಲಿನದು, ತಿರುಗಿ ಎಡಸಾಲಿನದು. ವ್ಯತ್ಯಾಸವೇ ಇಲ್ಲ. ಠಾಣೆ ಜಿಲ್ಲೆಯ ಕಲ್ಯಾಣದ ಹೊರಗೆ, ಮುರಬಾಡ ರಸ್ತೆಯ ಈ ಕೋಳಿ ಶೆಡ್ಡಿನಲ್ಲಿ ಏಪ್ರಿಲ್‌ನಿಂದ ಅವಳ ಪ್ರಯೋಗ ನಡೆದಿತ್ತು. ಎಡಸಾಲಿನ ಪಂಜರಗಳಿಗೆ ಫೀಡಿನ ಜೊತೆ ವಿಟಮಿನ್ ಸಿ, ಬೀಟೇನ್ ಎಂಬ ಪೋಷಕಾಂಶ, ಲವಣಗಳು ಬೆರೆತ ಪುಡಿ. ಬಲಸಾಲಿಗೆ ಬರೀ ಫೀಡ್. ಸೆಕೆ ಏರಿದರೆ ಕೋಳಿ ಬಾಯಿ ತೆರೆದು ಏದುಸಿರು ಬಿಡುತ್ತದೆ. ಅದರಿಂದ ರಕ್ತದ ಸಮತೋಲ ಕೆಟ್ಟು ಸಿಪ್ಪೆ ತೆಳುವಾಗುತ್ತದೆ. ತಾಳಲಾರದ ಕೋಳಿ ಸಾಯುತ್ತದೆ. ಪುಡಿ ಅದನ್ನು ತಡೆಯುತ್ತದೆಂದು ತೋರಿಸಬೇಕಿತ್ತು. ಇಲ್ಲವಾದರೆ ಎರಡು ವರ್ಷ ಕೂತು ಅವಳು ರೂಪಿಸಿದ ಪುಡಿಯನ್ನು ಕಂಪನಿ ಕೈಬಿಡುತ್ತಿತ್ತು.

ಕೂರಲಾಗದೆ ಶೆಡ್ಡಿನ ಉದ್ದಕ್ಕೂ ಓಡಾಡಿದಳು. ಘೋಡಬಂದರ್ ರಸ್ತೆಯ ಆಫೀಸಿನಿಂದ ಮೇಲಧಿಕಾರಿ ಹೃಷಿಕೇಶ್ ಫೋನ್ ಮಾಡಿದಾಗ ಅಳತೆ ತಿಳಿಸಿದಳು.

"ಡಿಫರೆನ್ಸ್ ಇಲ್ಲ ಅಂದ್ರೆ ಪುಡಿ ಕೆಲ್ಸ ಮಾಡ್ತಿಲ್ಲ ಅಂತ ತಾನೇ? ಮುಗಿಸ್ಬಿಡೋಣ, ಸಂಯುಕ್ತಾ."

"ಇನ್ನೊಂದ್ಸಲ ನೋಡ್ತೀನಿ ಸರ್."

"ನೋಡು. ಆಮೇಲೆ ಆ ಪುಡಿ ನೀನೇ ಒಂದು ಚಮಚ ಹಾಕ್ಕೊಂಡು ನೆರಳಲ್ಲಿ ಕೂತ್ಕೋ."

ಫೋನಿಟ್ಟ ಮೇಲೂ ಒಂದು ಸಂಗತಿ ಚುಚ್ಚುತ್ತಿತ್ತು. ಪ್ರಯೋಗಕ್ಕೆ ಮೊದಲು ಎರಡೂ ಸಾಲಿನ ಮೊಟ್ಟೆ ಹೆಬ್ಬೆರಳು ಒತ್ತಿದರೆ ಒಡೆಯುತ್ತಿತ್ತು. ಸೆಕೆಯೇನೂ ಇಳಿದಿಲ್ಲ, ಏರಿದೆ. ಬರೀ ಫೀಡ್ ತಿಂದ ಬಲಸಾಲಿನ ಸಿಪ್ಪೆ ಗಟ್ಟಿಯಾಗಿದ್ದು ಹೇಗೆ?

ಶೆಡ್ಡಿನ ಕೆಲಸವೆಲ್ಲ ಕಲಬುರಗಿ ಕಡೆಯ ಮರಗಮ್ಮ, ಹಣಮಂತ್ರಾಯ ದಂಪತಿಯದು. ಮರಗಮ್ಮ ಮೊಟ್ಟೆ ಆರಿಸುತ್ತ ಬಂದಳು.

"ಮರಗಮ್ಮ, ಬಲಗಡೆಗೆ ಏನು ಹಾಕ್ತಿದ್ದೀರಿ?"

"ಫೀಡ್ ರೀ ಅಕ್ಕೋರ."

"ಬರೀ ಫೀಡಾ?"

ಮರಗಮ್ಮ ಟ್ರೇ ಕೆಳಗಿಟ್ಟಳು. "ಪುಡಿನೂ ಹಾಕೀನ್ರಿ. ನೀವು ಕೊಟ್ಟದ್ದ. ಎರಡೂ ಕಡಿಗಿ ಅರ್ಧಾ ಅರ್ಧಾ."

"ಎಷ್ಟು ಸಲ ಹೇಳಿದ್ದೆ ನಾನು!"

"ಹೇಳಿದ್ರಿ. ಖರೆ, ಎದುರಾಬದುರು ಕುಂತಾವ ಅವು. ಒಂದಕ್ಕ ಬಡಿಸಿದ್ರ ಇನ್ನೊಂದು ನೋಡ್ಕೋತ ಕುಂಡ್ರಬೇಕೇನ್ರಿ? ಊರಾಗ ಮದುವಿ ಊಟಕ್ಕ ನಮ್ಮನ್ನ ಹಂಗ ಹೊರಗ ಕುಂಡ್ರಸ್ತಿದ್ರು. ಹುಗ್ಗಿ ಒಳಗಿನ ಪಂಕ್ತಿಗಷ್ಟ. ನಮ್ಮ ತನಕ ಬರೂದ್ರಾಗ ಬುಟ್ಟಿ ಖಾಲಿ. ಆ ಕೆಲಸ ನನ್ನ ಕೈಲೆ ಆಗಂಗಿಲ್ರಿ."

ನೀರಿನ ತೊಟ್ಟಿಯ ಕಡೆಯಿಂದ ಹಣಮಂತ್ರಾಯ ಕೂಗಿದ: "ಕೋಳಿಗಿ ಎಷ್ಟ ನ್ಯಾಯ ನೋಡ್ರಿ ಅಕ್ಕೋರ! ನನಗ ಬಡಸೂ ಮುಂದ ಈ ನ್ಯಾಯ ಎಲ್ಲಿ ಹೋಗ್ತದೋ ಏನೋ."

"ನೀ ಸುಮ್ಮ ನೀರ ಬಿಡು."

ಸಂಯುಕ್ತಾ ನಗಲಿಲ್ಲ. ಅರ್ಧ ಪುಡಿಯೂ ಸಾಕಾಗಿರಬಹುದು. ಆದರೆ ಪುಡಿಯಿಲ್ಲದ ಸಾಲೇ ಇಲ್ಲದ ಮೇಲೆ ಹೋಲಿಸುವುದು ಯಾವುದರ ಜೊತೆ? ಹೃಷಿಕೇಶ್ ನಂಬುವುದಿಲ್ಲ, ಅವನ ಜಾಗದಲ್ಲಿದ್ದರೆ ಅವಳೂ ನಂಬುತ್ತಿರಲಿಲ್ಲ. ಫೋನ್ ಮಾಡಿ ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಪ್ರಯೋಗವನ್ನು ಸರಿಯಾಗಿ ಮತ್ತೆ ನಡೆಸಲು ಅವನು ಒಂದು ವಾರ ಕೊಟ್ಟ. ಆ ವಾರ ಬಿಸಿ ಇನ್ನೂ ಏರುತ್ತದೆಂದು ಹವಾಮಾನ ಇಲಾಖೆ ಹೇಳಿತ್ತು.

"ಮರಗಮ್ಮ, ಇದು ಸಾಬೀತಾದ್ರೆ ಸಾವಿರಾರು ಕೋಳಿ ಉಳಿಯುತ್ತೆ."

"ಉಳೀಲಿ ಬಿಡ್ರಿ. ಇವೇನು ಪಾಪ ಮಾಡ್ಯಾವ?"

ಮರಗಮ್ಮ ಟ್ರೇ ಎತ್ತಿಕೊಂಡಳು. "ನಾ ಎಡಗಡಿ ನೋಡ್ಕೋತೀನಿ. ಬಲಗಡಿ ನೀವ ಹಾಕ್ರಿ."

ಮರುದಿನದಿಂದ ಸಂಯುಕ್ತಾ ನಸುಕಿಗೇ ಖಾರಘರದಿಂದ ಲೋಕಲ್ ರೈಲು ಹಿಡಿದು, ಠಾಣೆ ಸ್ಟೇಷನ್ನಿನಲ್ಲಿ ಗಾಡಿ ಬದಲಿಸಿ ಬರತೊಡಗಿದಳು. ಬಲಸಾಲಿನ ಕೋಳಿಗಳು ಕತ್ತು ಹೊರಚಾಚಿ ಕಾಯುತ್ತಿದ್ದವು. ಮೊದಲ ದಿನ ಅವಳ ಕೈ ತಾನಾಗಿ ಪುಡಿಯ ಚೀಲಕ್ಕೆ ಹೋಯಿತು. ವಾಪಸ್ ತೆಗೆದು ಬರೀ ಫೀಡ್ ಸುರಿದಳು. ಮಧ್ಯಾಹ್ನದ ಹೊತ್ತು ಒಳಗೆ ನಿಲ್ಲಲಾಗದೆ ಹೊರಗೆ ಬರುವಳು. ಹೊರಗೆ ಇರಲಾಗದೆ ಮತ್ತೆ ಒಳಗೆ ಹೋಗುವಳು.

ವಾರ ಮುಗಿಯುವಷ್ಟರಲ್ಲಿ ಬಲಸಾಲಿನಲ್ಲಿ ಹದಿನೇಳು ಕೋಳಿ ಸತ್ತವು, ಎಡಸಾಲಿನಲ್ಲಿ ಮೂರು. ಕಂಪನಿ ಪುಡಿಯನ್ನು ಉಳಿಸಿಕೊಂಡಿತು.