ಏಳನೇ ಹಗ್ಗ

ಉರ್ಬಾನ್ ಸಾಯುವುದಕ್ಕೆ ಗುರುವಾರದವರೆಗೆ ಕಾಯಬೇಕಿತ್ತು. ಆದರೆ ಬುಧವಾರ ಬೆಳಿಗ್ಗೆಯೇ ಅವನ ಉಗುರು ನೀಲಿಗಟ್ಟಿದ್ದನ್ನು ಹೆಂಡತಿ ತೆಕ್ಲಾ ಕಂಡಳು.

"ರೀ, ನಾಳೆ ತನಕ ಉಸಿರು ಹಿಡ್ಕೊಳ್ರೀ!" ಎಂದು ಕೂಗಿದಳು. ಆ ಕೂಗಿಗೆ ವಿಸ್ತುಲಾ ನದಿಯ ಮೀನುಗಳೆಲ್ಲ ಎದ್ದಿರಬೇಕು, ಗಂಡ ಮಾತ್ರ ಏಳಲಿಲ್ಲ. ವಾವೆಲ್ ಗುಡ್ಡದ ದೊಡ್ಡ ಇಗರ್ಜಿಯಲ್ಲಿ ಹತ್ತಾರು ಜನ ಒಟ್ಟಿಗೆ ಹಗ್ಗ ಎಳೆದರೆ ಮಾತ್ರ ಅಲುಗುವ ಜಿಗ್ಮುಂಟ್ ಗಂಟೆಯ ಏಳನೇ ಹಗ್ಗವನ್ನು ನಲವತ್ತು ವರ್ಷ ಎಳೆದು ಅವನ ಎರಡು ಕಿವಿಯೂ ಕಲ್ಲಾಗಿದ್ದವು. ಆ ಗಂಟೆಯೊಂದು ಮಾತ್ರ ಮೂಳೆಯಲ್ಲಿ ಕೇಳಿಸುತ್ತದೆ ಎನ್ನುತ್ತಿದ್ದ.

ನೆರೆಯ ಮೂರು ಚಕ್ರವರ್ತಿಗಳು ಇವರ ದೇಶವನ್ನು ರೊಟ್ಟಿಯಂತೆ ಹರಿದು ತಿಂದು ಎಪ್ಪತ್ತು ವರ್ಷ ದಾಟಿತ್ತು. ರಾಜನೇ ಇಲ್ಲದ ಮೇಲೆ ರಾಜನ ಸಾವಿಗೆ ಗಂಟೆ ಬಾರಿಸುವುದೆಲ್ಲಿ? ಅದೇ ಹಗ್ಗ ಎಳೆದಿದ್ದ ಉರ್ಬಾನನ ಅಪ್ಪ ರಾಜನಿಗೊಮ್ಮೆ ಗಂಟೆ ಬಾರಿಸುವ ಆಸೆಯಲ್ಲೇ ಸತ್ತಿದ್ದ. ಹೋದ ತಿಂಗಳು ಇಗರ್ಜಿಯೊಳಗಿನ ಹಳೇ ಗೋರಿ ರಿಪೇರಿ ಮಾಡುತ್ತಿದ್ದವರು ಕಲ್ಲೊಂದನ್ನು ಬೀಳಿಸಿಕೊಂಡರು. ತೂತಿನೊಳಗೆ ಇಣುಕಿದರೆ ಕಜಿಮಿರ್ ಮಹಾರಾಜ, ಕಿರೀಟದ ಸಮೇತ! ಸತ್ತು ಐನೂರು ವರ್ಷವಾದವನಿಗೆ ಗುರುವಾರ ಎರಡನೇ ಶವಸಂಸ್ಕಾರ ಎಂದು ಗೊತ್ತಾಯಿತು. ಹಾಸಿಗೆ ಹಿಡಿದಿದ್ದ ಉರ್ಬಾನ್ ಬೇಡಿದ್ದು ಇಷ್ಟೇ: "ಆ ಗಂಟೆ ಕೇಳಿ ಹೋಗ್ತೀನಿ ಕಣೇ."

ತೆಕ್ಲಾ ಗುಡ್ಡ ಹತ್ತಿ ಓಡಿದಳು. ಹಗ್ಗಕ್ಕೆ ಎಣ್ಣೆ ಸವರುತ್ತಿದ್ದ ಗಂಟೆಯವರ ಯಜಮಾನ ಇಗ್ನಾತ್ಸಿಯ ಕಾಲು ಹಿಡಿದಳು.

"ಒಂದೇ ಒಂದು ಸಲ, ಇವತ್ತೇ ಬಾರ್ಸಣ್ಣ. ನಿಮ್ಮ ರಾಜ ಐನೂರು ವರ್ಷದಿಂದ ಮಲಗಿದಾನೆ, ಅವನಿಗೇನು ಅವಸರ? ನನ್ನ ಮುದುಕನಿಗೆ ಪುರುಸೊತ್ತಿಲ್ಲ."

"ಏಳಿ ಅತ್ತಿಗೆ, ತಲೆ ಕೆಟ್ಟಿದ್ಯಾ? ಇವತ್ತು ಬಾರ್ಸಿದ್ರೆ ಊರೆಲ್ಲ ದಂಗೆ ಅನ್ಕೊಂಡು ಬೀದಿಗೆ ಬರತ್ತೆ. ಪಕ್ಕದಲ್ಲೇ ಆಸ್ಟ್ರಿಯಾದ ಸಿಪಾಯಿಗಳಿದಾರೆ, ನಾಳೆ ಮೆರವಣಿಗೇನೇ ನಿಲ್ಸಿಬಿಡ್ತಾರೆ. ದೇಶ ಹೋದೋರಿಗೆ ಈ ಗೋರಿಗಳಾದ್ರೂ ಇರ್ಲಿ."

"ನನಗೆ ಉಳಿದಿರೋದು ಅವನೊಬ್ಬನೇ ಅಲ್ವೇನಣ್ಣ?"

ಇಗ್ನಾತ್ಸಿ ಕಣ್ಣೊರೆಸಿಕೊಂಡ. ಆದರೆ ಆಗಲ್ಲ ಅಂದ.

ಆ ಹಗಲು, ಆ ರಾತ್ರಿ ತೆಕ್ಲಾ ಗಂಡನನ್ನು ಬೈದು ಬೈದು ಬದುಕಿಸಿದಳು. ವೋಡ್ಕಾದಲ್ಲಿ ಸಕ್ಕರೆ ಅದ್ದಿ ನಾಲಿಗೆಗೆ ಇಟ್ಟಳು. ಕಣ್ಣು ಮುಚ್ಚಿದರೆ ಕೆನ್ನೆ ತಟ್ಟಿದಳು. "ಮದುವೆ ದಿನಾನೂ ತಡವಾಗಿ ಬಂದೋರು ನೀವು, ಇದಕ್ಕೆ ಮಾತ್ರ ಯಾಕ್ರೀ ಆತುರ?"

ಗುರುವಾರ ಜಿಗ್ಮುಂಟ್ ಬಾಯಿ ಬಿಟ್ಟಿತು. ಕಪಾಟಿನ ತಟ್ಟೆಗಳು ಕುಣಿದವು. ಬೀದಿಯಲ್ಲಿ ಗಂಡಸರು ಟೋಪಿ ತೆಗೆದು ಗಳಗಳನೆ ಅತ್ತರು. ಉರ್ಬಾನನ ಮುಖದಲ್ಲಿ ಏನೂ ಇಲ್ಲ.

"ಕೇಳ್ತಾ ಇದ್ಯೇನ್ರೀ? ಬಡೀತಿದೆ ಕಣ್ರೀ!" ತೆಕ್ಲಾ ಮಂಚವನ್ನು ದರದರನೆ ಎಳೆದು ಗೋಡೆಗೆ ತಾಗಿಸಿ, ಅವನ ಅಂಗೈಯನ್ನು ಅದುರುತ್ತಿದ್ದ ಕಿಟಕಿ ಚೌಕಟ್ಟಿಗೆ ಒತ್ತಿ ಹಿಡಿದಳು. ಒಂದು ಬಡಿತ. ಎರಡು. ಮೂರು.

ಅವನ ಹುಬ್ಬು ಗಂಟಿಕ್ಕಿತು.

"ಏಳನೇ ಹಗ್ಗ ತಡ," ಎಂದ. "ಯಾವ ಕತ್ತೆ ಎಳೀತಿದಾನೆ ಅದನ್ನ?"

ಕಿಟಕಿಯಿಂದ ಕೈ ಜಾರಿಸಿ ಅವಳ ತಲೆವಸ್ತ್ರದ ತುದಿ ಹಿಡಿದ. ಗಂಟೆಯ ಲಯಕ್ಕೆ ಎಳೆದ, ಬಿಟ್ಟ, ಎಳೆದ. ಎಳೆದಾಗಲೆಲ್ಲ ತೆಕ್ಲಾ ಬಾಗಿದಳು, ಬಿಟ್ಟಾಗ ಎದ್ದಳು.

ಗುಡ್ಡದ ಮೇಲೆ ಗಂಟೆ ನಿಂತಿತು. ಎಳೆದ ತುದಿ ಅವನ ಮುಷ್ಟಿಯಲ್ಲೇ ಉಳಿಯಿತು. ತೆಕ್ಲಾ ಬಾಗಿಕೊಂಡೇ ಇದ್ದಳು, ಅವನು ಬಿಡಲಿ ಎಂದು.