ಮಡಿಲು ತುಂಬಿದ ಮಾರನೆಯ ದಿನ

ಅಳಿಯ ಅಂಜನ್‌ಕುಮಾರ್ ನನ್ನನ್ನು ದುಬೈಯಿಂದ ಮಸ್ಕತ್ತಿಗೆ ಹೋಗುವ ಬಸ್ಸಿಗೆ ಹತ್ತಿಸಿದ್ದು ಪಾರ್ಸೆಲ್ ಹಾಕಿದ ಹಾಗೆ. ಕೈಯಲ್ಲಿ ಪಾಸ್‌ಪೋರ್ಟು, ಒಂದು ಬಾಟಲಿ ನೀರು, ಬ್ಯಾಗಿನಲ್ಲಿ ಒಂದು ಜೊತೆ ಬಟ್ಟೆ.

"ನಿಮ್ಮ ವೀಸಾ ಮುಗೀತಾ ಇದೆ ಅತ್ತೆ. ಒಂದ್ಸಲ ದೇಶದಿಂದ ಆಚೆ ಹೋದ್ರೆ ಹೊಸದು ಕೊಡ್ತಾರೆ. ಊರಿಗೆ ಟಿಕೆಟ್ ಸಿಗೋವರ್ಗೂ ಒಂದು ವಾರಕ್ಕೆ ಅಷ್ಟೇ" ಅಂದರು. ನಾನೂ ಕೋಲೆ ಬಸವನ ಹಾಗೆ ತಲೆಯಾಡಿಸಿದೆ.

ನಾನು ನೇತ್ರಾವತಿ, ಅಮೃತೂರಿನ ಹತ್ತಿರ ಒಂದು ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಮಗಳು ಮೋನಿಕಾಳ ಬಾಣಂತನಕ್ಕೆಂದು ದುಬೈಗೆ ಬಂದಿದ್ದೆ. ಎಲ್ಲರ ಮನೆಯಲ್ಲೂ ಬಾಣಂತಿ ತವರಿಗೆ ಬರುತ್ತಾಳೆ. ನನ್ನ ಹಣೆಬರಹಕ್ಕೆ ತವರೇ ವಿಮಾನ ಹತ್ತಿ ಬಾಣಂತಿಯ ಹತ್ತಿರ ಹೋಗಬೇಕಾಯಿತು. ಆಗಲಿ, ಹೆತ್ತ ಕರುಳು. ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕಿದೆ, ಅವಳಿಗೆ ಮೆಣಸಿನ ಸಾರು ಮಾಡಿ ಬಡಿಸಿದೆ, ಸೊಂಟಕ್ಕೆ ಬಟ್ಟೆ ಬಿಗಿದೆ. ಆದರೆ ಜೂನ್ ಹುಟ್ಟುವ ಮೊದಲೇ ಶಾಲೆ ತೆರೆಯುತ್ತದೆ. "ತೆರೆದ ದಿನ ನೀವು ಒಲೆ ಮುಂದೆ ಇಲ್ದಿದ್ರೆ ಬೇರೆಯವರನ್ನ ಹಾಕ್ಕೋಬೇಕಾಗುತ್ತೆ ನೇತ್ರಮ್ಮ" ಎಂದು ಹೆಡ್‌ಮೇಷ್ಟ್ರು ಫೋನ್ ಮಾಡಿ ಹೇಳಿದ್ದರು. ಗಂಡ ತೀರಿಕೊಂಡ ಮೇಲೆ ಯಾರ ಮುಂದೆಯೂ ಕೈಯೊಡ್ಡದ ಹಾಗೆ ನನ್ನನ್ನು ಕಾಪಾಡಿದ್ದು ಆ ಒಲೆಯೇ. ಅದನ್ನು ಬಿಟ್ಟುಕೊಡಲು ನಾನೇನು ಹುಚ್ಚಿಯೇ?

ಬೆಳಿಗ್ಗೆ ಮಸ್ಕತ್ತಿನಲ್ಲಿ ಬಸ್ಸಿಳಿದಾಗ ವೀಸಾ ಏಜೆಂಟಿನ ವ್ಯಾನು ನಿಂತಿತ್ತು. ಬಿಸಿಲು ಆಗಲೇ ಬಾಣಲೆಯ ಹಾಗೆ ಕಾದಿತ್ತು. "ಥೂ, ಇವರ ವೀಸಾಕ್ಕೆ ಬೆಂಕಿ ಹಾಕ!" ಎಂದು ನನ್ನಷ್ಟಕ್ಕೆ ಬೈದುಕೊಂಡೆ. ಡ್ರೈವರು ತಟ್ಟನೆ ತಿರುಗಿ ನೋಡಿದ.

"ಅಕ್ಕಾ, ಯಾವೂರು?"

"ಅಮೃತೂರು ಕಣಪ್ಪ, ಕುಣಿಗಲ್ ತಾಲೂಕು."

"ಅಯ್ಯಯ್ಯೋ! ನಾನು ಗುಬ್ಬಿ. ಸರ್ದಾರ್ ಪಾಷಾ ಅಂತ. ನಮ್ ಅತ್ತೆ ಮನೆ ಹುಲಿಯೂರುದುರ್ಗ!"

ಆ ಒಂದು ಮಾತಿಗೆ ನನ್ನ ಅರ್ಧ ಸಿಟ್ಟು ಇಳಿಯಿತು. ವೀಸಾ ಬರುವುದು ಸಂಜೆಗೆ, ಅಲ್ಲಿಯವರೆಗೆ ಆಫೀಸಿನ ಬೆಂಚಿನ ಮೇಲೆ ಕೂರಬೇಕಂತೆ. "ಬೆಂಚ್ ಮೇಲೆ ಕೂತು ಏನ್ ಮಾಡ್ತೀರಕ್ಕ, ಬನ್ನಿ, ಊರು ತೋರಿಸ್ತೀನಿ" ಎಂದು ಅವನು ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡ.

ನಿಜ ಹೇಳುತ್ತೇನೆ, ಊರು ಚೆನ್ನಾಗಿದೆ. ಮನೆಗಳಿಗೆಲ್ಲ ಸುಣ್ಣ ಬಳಿದ ಹಾಗೆ ಬಿಳಿ ಬಣ್ಣ. ಹಿಂದೆ ಕರಿಯ ಬೋಳು ಬೆಟ್ಟ, ಒಂದು ಹುಲ್ಲುಕಡ್ಡಿಯಿಲ್ಲ. ಮುಂದೆ ಸಮುದ್ರ. ಮೀನಿನ ಮಾರ್ಕೆಟ್ಟಿನಲ್ಲಿ ನನ್ನಷ್ಟು ಉದ್ದದ ಮೀನನ್ನು ಕಲ್ಲಿನ ಮೇಲೆ ಮಲಗಿಸಿದ್ದರು. ಹಳೆಯ ಪೇಟೆಯ ಸಂದಿಗಳಲ್ಲಿ ಅಂಗಡಿಗೊಂದರಂತೆ ಧೂಪದ ಹೊಗೆ. ಒಬ್ಬ ಮುದುಕ ಕರೆದು ಖರ್ಜೂರ ಕೊಟ್ಟ. ಪುಟ್ಟ ಲೋಟದಲ್ಲಿ ಕಾಫಿಯನ್ನೂ ಕೊಟ್ಟ, ಹಾಲಿಲ್ಲ, ಸಕ್ಕರೆಯಿಲ್ಲ. "ಇದೇನ್ ಕಷಾಯಾನಾ?" ಎಂದೆ. ಸರ್ದಾರ್ ಪಾಷಾ ಹೊಟ್ಟೆ ಹಿಡಿದುಕೊಂಡು ನಕ್ಕ. ದುಬೈಯಲ್ಲಿ ಇದ್ದಷ್ಟು ದಿನ ನಾನು ನೋಡಿದ್ದು ಅಡುಗೆಮನೆ, ಬಚ್ಚಲು, ಹದಿನಾಲ್ಕನೇ ಮಹಡಿಯ ಕಿಟಕಿ. ಒಂದು ದಿನವೂ ಯಾರೂ ನನ್ನನ್ನು ಸಮುದ್ರದ ಹತ್ತಿರ ಕರೆದೊಯ್ದಿರಲಿಲ್ಲ. ಗುರುತಿಲ್ಲದ ಊರಲ್ಲಿ, ಗುರುತಿಲ್ಲದ ಮನುಷ್ಯ ತೋರಿಸಬೇಕಾಯಿತು.

ಮಧ್ಯಾಹ್ನ ಏಜೆಂಟಿನ ಫೋನು ಬಂತು. ಸರ್ದಾರ್ ಪಾಷಾ ಹಿಂದಿಯಲ್ಲಿ ಮಾತಾಡಿ ನನ್ನ ಕಡೆ ತಿರುಗಿದ.

"ಖುಷಿ ಪಡಿ ಅಕ್ಕ. ವೀಸಾ ಬಂತು, ಎರಡು ತಿಂಗಳದ್ದು. ಅದು ಮುಗಿದ್ ಮೇಲೆ ಇನ್ನೊಂದಕ್ಕೂ ನಿಮ್ ಅಳಿಯ ಈಗ್ಲೇ ಮಾತಾಡವ್ರಂತೆ."

"ಎರಡು ತಿಂಗಳಾ? ಒಂದು ವಾರ ಅಂದಿದ್ರು ಕಣಪ್ಪ!"

"ಇಲ್ಲಕ್ಕ. ನಿಮ್ ಮಗಳು ಡ್ಯೂಟಿಗೆ ಹೋಗ್ತಾರಂತಲ್ಲ, ಮಗು ನೋಡ್ಕೊಳ್ಳಕ್ಕೆ ನೀವು ವರ್ಷ ಪೂರ್ತಿ ಇರ್ತೀರ ಅಂತ ಏಜೆಂಟ್ ಹೇಳ್ತಾವ್ನೆ."

ನನ್ನ ಮೈಯೆಲ್ಲ ಉರಿದುಹೋಯಿತು. ಹಿಂದಿನ ದಿನ ತಾನೇ ಮಗಳ ಮಡಿಲು ತುಂಬಿದ್ದೆ. ಬಾಣಂತನ ಮುಗಿಸಿ ಮಗಳನ್ನು ಗಂಡನ ಮನೆಗೆ ಕಳಿಸುವಾಗ ತಾಯಿ ಮಡಿಲಕ್ಕಿ ಕಟ್ಟುವುದು ನಮ್ಮ ಪದ್ಧತಿ. ಅವಳು ಗಂಡನ ಮನೆಯಲ್ಲೇ ಇದ್ದಾಳೆ, ಇನ್ನೊಂದು ವಾರಕ್ಕೆ ಊರಿಗೆ ಹೊರಡುವವಳು ನಾನು, ಆದರೂ ಶಾಸ್ತ್ರ ಬಿಡಬಾರದೆಂದು ಕೊಬ್ಬರಿ, ಬೆಲ್ಲ, ಅಕ್ಕಿ, ಬಳೆ ಎಲ್ಲ ಇಟ್ಟು ಕಣ್ಣೀರು ಹಾಕಿಕೊಂಡು ಕಟ್ಟಿದೆ. ಅವಳು ಸೆರಗೊಡ್ಡಿ ತುಂಬಿಸಿಕೊಂಡಳು, ಕಾಲಿಗೂ ಬಿದ್ದಳು. ನನ್ನನ್ನು ಕಳಿಸುವುದಿಲ್ಲವೆಂದು ಗೊತ್ತಿದ್ದೂ ತುಂಬಿಸಿಕೊಂಡಳು! ಕಳ್ಳಿ! ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಅನ್ನುತ್ತಾರಲ್ಲ, ಹಾಗೆ ಅಮ್ಮ ಪುಕ್ಕಟೆ ಸಿಕ್ಕಿದ್ದಳು ಇವರಿಗೆ.

"ನಮ್ಮಳಿಯಂಗೆ ಫೋನ್ ಮಾಡಿಕೊಡು" ಎಂದೆ. ಸರ್ದಾರ್ ಪಾಷಾ ನಂಬರ್ ಒತ್ತಿ ಕೊಟ್ಟ.

"ಅಳಿಯಂದ್ರೇ, ನನಗೆ ಇಲ್ಲಿಂದ್ಲೇ ಬೆಂಗಳೂರಿಗೆ ಟಿಕೆಟ್ ಹಾಕಿಸಿ."

"ಅತ್ತೆ, ಏನ್ ಮಾತಾಡ್ತಿದೀರ? ನಿಮ್ ವೀಸಾ ಬಂದಿದೆ."

"ಬಂದಿದ್ರೆ ಫ್ರೇಮ್ ಹಾಕಿಸಿ ಗೋಡೆಗೆ ನೇತಾಕಿ. ನನ್ನ ಶಾಲೆ ತೆರೀತದೆ."

"ಬಿಸಿಯೂಟದ ಕೆಲಸ ಒಂದು ಕೆಲಸಾನಾ ಅತ್ತೆ? ಇಲ್ಲಿ ಏಸಿಯಲ್ಲಿ ಆರಾಮಾಗಿ ಇರೋದು ಬಿಟ್ಟು..."

"ಆ ಕೆಲಸದಲ್ಲೇ ನಿಮ್ಮ ಹೆಂಡ್ತೀನ ಓದಿಸಿದ್ದು! ಟಿಕೆಟ್ ಹಾಕಿಸ್ತೀರೋ, ಇಲ್ಲ ಈ ಸಮುದ್ರದ ಕಟ್ಟೆ ಮೇಲೇ ಕೂರ್ಲೋ?"

ಅಳಿಯ ಹಲ್ಲು ಕಚ್ಚಿಕೊಂಡು, "ಆಯ್ತು, ಹಾಕಿಸ್ತೀನಿ, ನಿಮ್ಮಿಷ್ಟ" ಅಂದರು. ಅಷ್ಟರಲ್ಲಿ ಮೋನಿಕಾ ಫೋನು ಕಿತ್ತುಕೊಂಡಳು. ಅಳುತ್ತಿದ್ದಳು.

"ಅಮ್ಮಾ, ರಜೆ ಮುಗೀತು, ನಾನು ಡ್ಯೂಟಿಗೆ ಹೋಗ್ಲೇಬೇಕು. ಮಗೂನ ಯಾರ ಕೈಗೆ ಕೊಡ್ಲಿ? ಊರವರ ಮಕ್ಕಳಿಗೆಲ್ಲ ಬೇಯಿಸಿ ಹಾಕ್ತೀಯ, ನನ್ನ ಮಗು ಬೇಡ್ವಾ ನಿಂಗೆ?"

ಆ ಮಾತು ಎದೆಗೆ ನಾಟಿತು. ಆ ಮಗುವಿನ ಎಣ್ಣೆಯ ವಾಸನೆ ನನ್ನ ಸೀರೆಯಲ್ಲಿ ಇನ್ನೂ ಇತ್ತು.

"ಯಾಕೆ ಸುಳ್ಳು ಹೇಳಿ ಕಳಿಸ್ದೆ?" ಎಂದೆ.

"ನಿಜ ಹೇಳಿದ್ರೆ ನೀನು ಒಪ್ತಿದ್ಯಾ?"

ಸುಳ್ಳಾಡಲು ನನಗೂ ಬರುತ್ತದೆ. ಆದರೆ ಆಡಲಿಲ್ಲ.

"ಒಪ್ತಿದ್ದೆ ಕಣೇ. 'ಅಮ್ಮ, ಕಷ್ಟ ಆಗ್ತಿದೆ, ಇರ್ತೀಯಾ' ಅಂತ ಒಂದು ಮಾತು ಕೇಳಿದ್ರೆ, ಆ ಕೆಲಸ ಹೋದ್ರೆ ಹೋಗ್ಲಿ ಅಂತ ಇರ್ತಿದ್ದೆ. ನೀನು ಕೇಳ್ಲೇ ಇಲ್ವಲ್ಲೇ."

ಆ ಕಡೆ ಮಗು ಅಳಲು ಶುರುಮಾಡಿತು. ಅದು ಹಸಿವಿನ ಅಳು, ನನಗೆ ಗೊತ್ತಾಗುತ್ತದೆ.

"ಹೋಗು, ಎತ್ಕೋ" ಎಂದು ಫೋನು ಸರ್ದಾರ್ ಪಾಷಾನ ಕೈಗೆ ಕೊಟ್ಟೆ. "ಏರ್‌ಪೋರ್ಟಿಗೆ ನಡಿಯಪ್ಪ" ಎಂದೆ.